ಲಾರಿ ಅಪಘಾತದ ಪರಿಹಾರ: 164, 166, ರಾಜಿ, ಕಾರ್ಮಿಕ ಪರಿಹಾರ – ಯಾರಿಗೆ ಯಾವ ದಾರಿ

ತುಮಕೂರಿನಲ್ಲಿ ಎಂವಿಸಿ ಕೇಸುಗಳನ್ನೇ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳನ್ನೇ, ಹೆಚ್ಚಾಗಿ ನಡೆಸುವ ವಕೀಲರೊಬ್ಬರ ಹತ್ತಿರ ನಾನು ಹಲವು ವರ್ಷ ಗುಮಾಸ್ತನಾಗಿದ್ದೆ. ಊರ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ಲಾರಿ ಕೇಸಿಗೆ ಬರ ಇರಲಿಲ್ಲ. ಬಂದವರು ಕುರ್ಚಿಯ ತುದಿಯಲ್ಲಿ ಕೂತು ಮೊದಲು ಕೇಳುತ್ತಿದ್ದುದು, "ಎಷ್ಟು ಬರಬಹುದು ಸಾರ್?" ಸಾಹೇಬರು ಅದಕ್ಕೆ ಉತ್ತರ ಕೊಡದೆ ತಿರುಗಿ ಕೇಳುತ್ತಿದ್ದರು: "ಚಾರ್ಜ್‌ಶೀಟು ಯಾರ ಮೇಲೆ ಹಾಕಿದ್ದಾರಪ್ಪ?"

ಮೊದಮೊದಲು ನನಗೆ ಇದು ಕೊಂಚ ಕಠಿಣ ಅನ್ನಿಸುತ್ತಿತ್ತು. ಮಗನನ್ನು ಕಳೆದುಕೊಂಡು ಬಂದವರಿಗೆ ಹೀಗಾ ಕೇಳುವುದು ಅಂತ. ಆಮೇಲೆ ಅರ್ಥವಾಯಿತು. ಪರಿಹಾರ ಪಡೆಯುವ ದಾರಿಗಳು ನಾಲ್ಕೈದು ಇವೆ, ಪ್ರತಿಯೊಂದಕ್ಕೂ ಒಂದು ಬೆಲೆ ಇದೆ, ಯಾವುದನ್ನು ಹಿಡಿಯಬೇಕು ಅನ್ನುವುದು ಬಹುಪಾಲು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ: ತಪ್ಪು ಇನ್ನೊಬ್ಬರದು ಅಂತ ನೀವು ರುಜುವಾತು ಮಾಡಬಲ್ಲಿರಾ?

ಲಾರಿ ಗುದ್ದಿ ಸತ್ತವರ, ಗಾಯಗೊಂಡವರ ಕಡೆಯಿಂದ

ಮೋಟಾರು ವಾಹನ ಕಾಯ್ದೆಯಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು 166ನೇ ಕಲಂ. ಇಲ್ಲಿ ಚಾಲಕನ ನಿರ್ಲಕ್ಷ್ಯ ಸಾಬೀತಾಗಬೇಕು, ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಇನ್ನೊಂದು 164. ಇಲ್ಲಿ ಯಾರದು ತಪ್ಪು ಅನ್ನುವ ಮಾತೇ ಬೇಡ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಅಲ್ಲಿಗೆ ಮುಗಿಯಿತು. 2019ರ ತಿದ್ದುಪಡಿಯಲ್ಲಿ ಬಂದ ಈ ವ್ಯವಸ್ಥೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

5 ಲಕ್ಷ ಅಂದಾಗ ಮನೆಯವರ ಮುಖ ಸ್ವಲ್ಪ ಅರಳುವುದನ್ನು ನೋಡಿದ್ದೇನೆ. ಅದಕ್ಕೇ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 35 ವರ್ಷದ ಗಾರೆ ಕೆಲಸದವನು, ತಿಂಗಳಿಗೆ 18,000 ದುಡಿಯುತ್ತಿದ್ದ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ ಅಂದುಕೊಳ್ಳಿ. ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಹೇಳಿದಂತೆ, ಸ್ವಂತ ದುಡಿಮೆಯ 40ರೊಳಗಿನವರಿಗೆ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ. 40 ಸೇರಿಸಬೇಕು: 25,200 ಆಯಿತು. ಅವಲಂಬಿತರು ನಾಲ್ವರು, ಹಾಗಾಗಿ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಬೇಕು: 18,900. ವರ್ಷಕ್ಕೆ 2,26,800. ಸರಳಾ ವರ್ಮಾ ಪ್ರಕರಣದ (2009) ಪಟ್ಟಿಯಲ್ಲಿ 31ರಿಂದ 35 ವರ್ಷದವರಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಅಂಕ, 16. ಒಟ್ಟು 36,28,800. ಅಂತ್ಯಕ್ರಿಯೆಯ ಖರ್ಚು, ಹೆಂಡತಿ ಮಕ್ಕಳ ಸಾಂಗತ್ಯ ನಷ್ಟ ಇತ್ಯಾದಿ ಇದರ ಮೇಲೆ ಬೇರೆ, ಬಡ್ಡಿಯೂ ಬೇರೆ. 36 ಲಕ್ಷ ಎಲ್ಲಿ, 5 ಲಕ್ಷ ಎಲ್ಲಿ!

ಹಾಗಿದ್ದರೆ 164 ಯಾರಿಗೆ? ಎರಡು ಬಗೆಯವರಿಗೆ, ನನ್ನ ಅನುಭವದಲ್ಲಿ.

ಮೊದಲನೆಯವರು ತಪ್ಪು ತಮ್ಮವನ ತಲೆಗೇ ಬಂದವರು. ರಾತ್ರಿ ಹೊತ್ತು, ಸಿರಾ ಕಡೆಯೋ ಹಿರಿಯೂರು ಕಡೆಯೋ, ರಸ್ತೆ ಬದಿಯಲ್ಲಿ ಇಂಡಿಕೇಟರ್ ಹಾಕದೆ ನಿಂತ ಲಾರಿಗೆ ಬೈಕು ಹಿಂದಿನಿಂದ ಹೋಗಿ ಗುದ್ದುತ್ತದೆ. ಸವಾರ ಸ್ಥಳದಲ್ಲೇ ಸಾಯುತ್ತಾನೆ. ದೂರು ಕೊಡಲು ಬರುವುದು ಲಾರಿಯವರೇ, ಕೊನೆಗೆ ಸತ್ತವನ ಮೇಲೆಯೇ ಆರೋಪ ಬೀಳುತ್ತದೆ. ಲಾರಿ ನಿಂತಿತ್ತಲ್ಲ, ಅದರದೇನು ತಪ್ಪು ಅನ್ನುವ ವಾದ ವಿಮಾ ಕಂಪನಿಯ ವಕೀಲರಿಗೆ ಬಾಯಿಪಾಠ. ಇಂಥ ಕೇಸಿನಲ್ಲಿ 166ಕ್ಕೆ ಹೋಗಿ ಗೆಲ್ಲುವುದು ಅಸಾಧ್ಯವೇನಲ್ಲ. ಆದರೆ ಎಲ್ಲ ಭಾರ ಸ್ಥಳ ಮಹಜರಿನ ಮೇಲೆ: ಲಾರಿ ಡಾಂಬರಿನ ಮೇಲಿತ್ತೋ ಮಣ್ಣಿನ ಮೇಲಿತ್ತೋ, ಹಿಂದೆ ಪ್ರತಿಫಲಕ ಪಟ್ಟಿ ಇತ್ತೋ, ಹಿಂದಿನ ದೀಪ ಉರಿಯುತ್ತಿತ್ತೋ, ಕಲ್ಲೋ ಸೊಪ್ಪೋ ಅಡ್ಡ ಇಟ್ಟಿದ್ದರೋ. ಸ್ಕೆಚ್ಚಿನಲ್ಲಿ ಇದೆಲ್ಲ ನಿಮ್ಮ ಪರವಾಗಿದ್ದರೆ 166. ತಪ್ಪಿನಲ್ಲಿ ಅರ್ಧ ಪಾಲು ಸವಾರನ ಮೇಲೆ ಹೋದರೂ ಉಳಿದರ್ಧ 5 ಲಕ್ಷಕ್ಕಿಂತ ಎಷ್ಟೋ ದೊಡ್ಡದು. ಮಹಜರಿನಲ್ಲಿ ಏನೂ ಇಲ್ಲ, ಸಾಕ್ಷಿಯೂ ಇಲ್ಲ ಅಂದಾಗ 164ರ 5 ಲಕ್ಷವೇ ಭದ್ರ. ನಿಂತ ವಾಹನವೂ 'ಬಳಕೆ'ಯಲ್ಲಿರುವ ವಾಹನವೇ ಎಂದು ಸುಪ್ರೀಂ ಕೋರ್ಟು 1991ರಷ್ಟು ಹಿಂದೆಯೇ, ಉರುಳಿ ಬಿದ್ದ ಪೆಟ್ರೋಲ್ ಟ್ಯಾಂಕರಿನ ಪ್ರಕರಣದಲ್ಲಿ ಹೇಳಿದೆ.

ಎರಡನೆಯವರು, ಹೇಳಿದರೆ ಆಶ್ಚರ್ಯವಾಗಬಹುದು, ಸಣ್ಣ ಮೂಳೆ ಮುರಿತದವರು. ಕಾನೂನಿನ ಕಣ್ಣಲ್ಲಿ ಯಾವ ಮೂಳೆ ಮುರಿದರೂ ಅದು ತೀವ್ರ ಗಾಯ. ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು, ಮೂರು ತಿಂಗಳಲ್ಲಿ ಮೊದಲಿನಂತಾದವರು 166ರಲ್ಲಿ ವರ್ಷಗಟ್ಟಲೆ ಅಲೆದು ಎರಡೂವರೆ ಲಕ್ಷಕ್ಕಿಂತ ಕಡಿಮೆ ಪಡೆದು ಬಂದದ್ದನ್ನು ಕಂಡಿದ್ದೇನೆ. ಅವರಿಗೆ 164 ಲಾಭ. ಅದೇ ಕಾಲು ಕತ್ತರಿಸಿಕೊಂಡ ಆಟೋ ಚಾಲಕನಿಗೆ 164 ಅಂದರೆ ಮನೆ ಮುಳುಗಿದಂತೆ. ಡಾಕ್ಟರು ಅಂಗವೈಕಲ್ಯ ಶೇ. 60 ಅಂತ ಬರೆದರೂ, ಅವನು ಇನ್ನು ಗಾಡಿ ಓಡಿಸಲಾರ ಅಂದಮೇಲೆ ದುಡಿಮೆಯ ನಷ್ಟ ಪೂರ್ತಿ ಶೇ. 100 ಎಂದು 166ರಲ್ಲಿ ವಾದಿಸಬಹುದು. ಈ ವ್ಯತ್ಯಾಸವನ್ನು ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ.

ಕಂಪನಿಯವರೇ ಮನೆಗೆ ಬಂದಾಗ

ತಿದ್ದುಪಡಿಯಾದ 149ನೇ ಕಲಮಿನ ಪ್ರಕಾರ ವಿಮಾ ಕಂಪನಿ ತಾನೇ ಮುಂದೆ ಬಂದು ಇಷ್ಟು ಕೊಡುತ್ತೇವೆ ಅನ್ನಬೇಕು. ನೀವು ಒಪ್ಪಿದರೆ, ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ ಅದನ್ನು ದಾಖಲಿಸಿ ಮುಗಿಸುತ್ತದೆ. ಉದ್ದೇಶ ಒಳ್ಳೆಯದೇ. ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿ, 90 ದಿನದಲ್ಲಿ ವಿವರವಾದ ವರದಿ ಕೊಡಬೇಕೆಂಬ 2022ರ ನಿಯಮಗಳೂ ಇದಕ್ಕೆ ಪೂರಕ.

ಇಲ್ಲೊಂದು ಮುಳ್ಳಿದೆ. 149ರ ಮೂಲಕ 164ರ ಮೊತ್ತವನ್ನು ಒಪ್ಪಿಕೊಂಡಿರೋ, 166ರಲ್ಲಿ ಹಾಕಿದ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ಕಾಯ್ದೆಯಲ್ಲೇ ಹಾಗಿದೆ. "ಈಗ ಇದು ತಗೊಳ್ಳಿ, ಉಳಿದದ್ದು ಆಮೇಲೆ ನೋಡೋಣ" ಅಂತ ಯಾರಾದರೂ ಹೇಳಿದರೆ, ಆಮೇಲೆ ನೋಡಲಿಕ್ಕೆ ಏನೂ ಉಳಿದಿರುವುದಿಲ್ಲ. ಸಹಿ ಹಾಕುವ ಕಾಗದದಲ್ಲಿ ಯಾವ ಕಲಂ ಬರೆದಿದೆ ಅಂತ ಓದಿ, ಇಲ್ಲವೇ ಓದಿಸಿ. ಮೇಲೆ ತೋರಿಸಿದ ಗುಣಕದ ಲೆಕ್ಕವನ್ನು ಒಂದು ಹಾಳೆಯಲ್ಲಿ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ.

ಲೋಕ್ ಅದಾಲತ್ ಇದಕ್ಕಿಂತ ಬೇರೆ. ಅಲ್ಲಿ 166ರ ಕೇಸನ್ನೇ ರಾಜಿಗಿಡುತ್ತಾರೆ, ಎರಡೂ ಕಡೆಯ ವಕೀಲರು ಚೌಕಾಸಿ ಮಾಡುತ್ತಾರೆ. ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: ತಪ್ಪಿನ ವಿಚಾರದಲ್ಲಿ ಜಗಳವಿಲ್ಲದ, ಆದಾಯದ ದಾಖಲೆ ದುರ್ಬಲವಿರುವ ಕೇಸುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಕಂಪನಿಯವರು ಹೈಕೋರ್ಟಿಗೆ ಹೋಗಿ ನಿಮ್ಮನ್ನು ಇನ್ನಷ್ಟು ವರ್ಷ ಕಾಯಿಸುವ ಹಾಗೂ ಇಲ್ಲ. ಅದೇ ಕಾರಣಕ್ಕೆ, ಚಿಕಿತ್ಸೆ ಇನ್ನೂ ಮುಗಿಯದವರು, ಎರಡನೇ ಆಪರೇಷನ್ ಬಾಕಿ ಇರುವವರು ಅದಾಲತ್ತಿಗೆ ಅವಸರ ಮಾಡಬಾರದು. ಒಪ್ಪಿದ್ದು ಒಪ್ಪಿದ್ದೇ.

ಪೊಲೀಸ್ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಆಗುವ ರಾಜಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಾರಿ ಮಾಲೀಕನ ಕಡೆಯವರು 50,000 ಕೈಗಿಟ್ಟು ಎಫ್‌ಐಆರ್ ಬೇಡ ಅನ್ನುತ್ತಾರೆ. ಎಫ್‌ಐಆರ್ ಇಲ್ಲದೆ, ತಡವಾಗಿ ಕೊಟ್ಟ ದೂರಿನೊಡನೆ ನ್ಯಾಯಮಂಡಳಿಗೆ ಬಂದವರ ಗೋಳನ್ನು ಸಾಕಷ್ಟು ನೋಡಿದ್ದೇನೆ.

ಗುದ್ದಿದ ಲಾರಿ ಸಿಗಲೇ ಇಲ್ಲ ಅಂದರೆ 161ನೇ ಕಲಂ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದಲ್ಲಿ ವಿಚಾರಣೆಯಾಗಿ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅದಕ್ಕೆ ಮೊದಲು ಆ ಹೊತ್ತಿನ ಟೋಲ್ ಪ್ಲಾಜಾ ಸಿಸಿಟಿವಿ ನೋಡಿಸಿ ಎಂದು ಪೊಲೀಸರ ಬೆನ್ನು ಹತ್ತಿ. ದೃಶ್ಯ ಅಳಿಸಿಹೋಗುವ ಮೊದಲೇ ಲಿಖಿತವಾಗಿ ಕೇಳಿ. ಲಾರಿಯ ನಂಬರು ಸಿಕ್ಕರೆ 2 ಲಕ್ಷದ ಕೇಸು 30 ಲಕ್ಷದ್ದಾಗಬಹುದು.

ಎಲ್ಲಿ ಅರ್ಜಿ ಹಾಕುವುದು ಅನ್ನುವುದೂ ನಿಮ್ಮ ಆಯ್ಕೆಯೇ. ಅಪಘಾತವಾದ ಊರಲ್ಲೇ ಹಾಕಬೇಕಿಲ್ಲ. ನೀವು ವಾಸವಿರುವ ಜಾಗದ ನ್ಯಾಯಮಂಡಳಿಯೂ ಸಲ್ಲುತ್ತದೆ. ರಾಯಚೂರಿನ ಕೂಲಿಯವನು ನೆಲಮಂಗಲದಲ್ಲಿ ಸತ್ತರೆ ಮನೆಯವರು ರಾಯಚೂರಲ್ಲೇ ಕೇಸು ನಡೆಸಬಹುದು. ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಿ. ಈ ಆರು ತಿಂಗಳ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ ನಿಜ, ಅದನ್ನು ನಂಬಿ ಕೂರುವುದು ಬೇಡ. ಆಸ್ಪತ್ರೆ ಬಾಗಿಲಲ್ಲೇ "ಬಂದದ್ದರಲ್ಲಿ ಇಷ್ಟು ಪರ್ಸೆಂಟು" ಅಂತ ಹಿಡಿದುಕೊಳ್ಳುವ ಏಜೆಂಟರಿಂದ ದೂರ ಇರಿ; ಫಲಿತಾಂಶದ ಮೇಲೆ ಫೀಸು ಕಟ್ಟಿಕೊಳ್ಳುವುದು ವಕೀಲರ ನಿಯಮಕ್ಕೇ ವಿರುದ್ಧ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಲಾರಿಯೊಳಗೆ ಇದ್ದವರು

ಡ್ರೈವರ್ ಸತ್ತ ಮನೆಯವರಿಗೆ ಲೆಕ್ಕ ಬೇರೆ. ಅವನ ತಪ್ಪಿನಿಂದಲೇ ಲಾರಿ ಮಗುಚಿದ್ದರೆ 166ರ ಬಾಗಿಲು ಮುಚ್ಚಿದಂತೆ. ಆಗ ಕೈಹಿಡಿಯುವುದು ಕಾರ್ಮಿಕ ಪರಿಹಾರ. 1923ರ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದರೆ ಲೆಕ್ಕದ ಚೌಕಟ್ಟು ಅದೇ: ಸಾವಿಗೆ ಕೂಲಿಯ ಅರ್ಧವನ್ನು ವಯಸ್ಸಿನ ಅಂಕದಿಂದ ಗುಣಿಸುವುದು. ಇಲ್ಲಿ ತಪ್ಪು ಯಾರದೆಂದು ಯಾರೂ ಕೇಳುವುದಿಲ್ಲ, ಕೆಲಸದ ಮೇಲಿದ್ದಾಗ ಆಯಿತೇ ಅನ್ನುವುದಷ್ಟೇ ಮುಖ್ಯ.

ಎದುರಿಗೆ ಬಂದ ಬಸ್ಸಿನದು ತಪ್ಪಾಗಿದ್ದರೆ ಮಾತ್ರ ಎರಡು ದಾರಿಯೂ ತೆರೆದಿರುತ್ತವೆ, ಒಂದನ್ನೇ ಆರಿಸಬೇಕು. 167ನೇ ಕಲಂ ಎರಡನ್ನೂ ಕೊಡುವುದಿಲ್ಲ. 35 ವರ್ಷದ, 25,000 ಸಂಬಳದ ಡ್ರೈವರ್, ನಾಲ್ವರು ಅವಲಂಬಿತರು ಅಂತಿಟ್ಟುಕೊಳ್ಳಿ. 2020ರ ಜನವರಿಯ ಅಧಿಸೂಚನೆಯಂತೆ ಕಾರ್ಮಿಕ ಪರಿಹಾರಕ್ಕೆ ಲೆಕ್ಕ ಹಿಡಿಯುವ ಕೂಲಿ ಹೆಚ್ಚೆಂದರೆ 15,000. ಅದರ ಅರ್ಧ 7,500, ವಯಸ್ಸಿನ ಅಂಕ 197.06: ಒಟ್ಟು 14,77,950. ಬಸ್ಸಿನ ವಿಮಾ ಕಂಪನಿಯ ಮೇಲೆ 166ರಲ್ಲಿ ಹೋದರೆ, ಗಾರೆ ಕೆಲಸದವನಿಗೆ ಹಾಕಿದ ಕ್ರಮದಲ್ಲೇ, ಅದೇ ಮನುಷ್ಯನ ಲೆಕ್ಕ 50,40,000. ಬಸ್ಸಿನ ಚಾಲಕನ ಮೇಲೆ ಚಾರ್ಜ್‌ಶೀಟು ಆಗಿದ್ದರೆ ಯೋಚನೆಯೇ ಬೇಡ, 166. ಇಬ್ಬರೂ ಸತ್ತು, ಯಾರು ರಾಂಗ್ ಸೈಡಿಗೆ ಬಂದರು ಎಂದು ತಿಳಿಯದ ಕೇಸಿನಲ್ಲಿ ನಮ್ಮ ಸಾಹೇಬರು 14 ಲಕ್ಷವನ್ನೇ ಆರಿಸುತ್ತಿದ್ದರು. ಒಂದು ತಿಂಗಳೊಳಗೆ ಕೊಡದಿದ್ದರೆ ಅದರ ಮೇಲೆ ಶೇ. 12 ಬಡ್ಡಿಯೂ ಓಡುತ್ತದೆ. ತಡ ಮಾಡಿದ್ದಕ್ಕೆ ದಂಡ ಬಿದ್ದರೆ ಅದು ಮಾತ್ರ ಮಾಲೀಕನ ಜೇಬಿನಿಂದ. ವಿಮಾ ಕಂಪನಿ ಕೊಡುವುದಿಲ್ಲ.

ಕ್ಲೀನರ್ ಹುಡುಗನ ಸ್ಥಿತಿ ಡ್ರೈವರಿಗಿಂತ ಮೇಲು. ಡ್ರೈವರಿನ ತಪ್ಪು ಅಂತ ಅವನು 166ಕ್ಕೂ ಹೋಗಬಹುದು. ಆದರೆ ಮಾಲೀಕರು ಹೆಚ್ಚುವರಿ ಪ್ರೀಮಿಯಂ ಕಟ್ಟಿರದಿದ್ದರೆ ವಿಮಾ ಕಂಪನಿಯ ಹೊಣೆ ಕಾರ್ಮಿಕ ಪರಿಹಾರದಷ್ಟಕ್ಕೇ ನಿಲ್ಲುತ್ತದೆ, ಮಿಕ್ಕದ್ದನ್ನು ಮಾಲೀಕನಿಂದ ವಸೂಲು ಮಾಡಬೇಕು. ಒಂದೇ ಲಾರಿ ಇಟ್ಟುಕೊಂಡು ಸಾಲ ತೀರಿಸುತ್ತಿರುವ ಮಾಲೀಕನಿಂದ ಎಷ್ಟು ವಸೂಲಾಗುತ್ತದೆ, ನೀವೇ ಹೇಳಿ.

ತನ್ನ ಲಾರಿಯನ್ನು ತಾನೇ ಓಡಿಸುವವರು ಇನ್ನೂ ಎಚ್ಚರದಿಂದಿರಬೇಕು. ತನ್ನದೇ ತಪ್ಪಿನಿಂದ ಆದ ಅಪಘಾತಕ್ಕೆ ಮಾಲೀಕ ತನ್ನದೇ ಪಾಲಿಸಿಯ ಮೇಲೆ ಮೂರನೆಯವನಾಗಿ ಹಕ್ಕು ಕೇಳುವಂತಿಲ್ಲ. ಅವನಿಗಿರುವುದು 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಒಂದೇ, ಅದೂ ಸರಿಯಾದ ಲೈಸೆನ್ಸ್ ಇದ್ದರೆ. ರಿನ್ಯೂವಲ್ ಹೊತ್ತಿಗೆ ಕೆಲವೇ ನೂರು ರೂಪಾಯಿ ಉಳಿಯುತ್ತದೆಂದು ಏಜೆಂಟರ ಮಾತು ಕೇಳಿ ಅದನ್ನು ತೆಗೆಸಿದವರಿದ್ದಾರೆ.

ಲಾರಿಯ ಬಾಡಿಯ ಮೇಲೆ ಕೂತು ಮದುವೆಗೋ ಸಂತೆಗೋ ಹೋದವರಿಗೆ ಸರಕು ವಾಹನದ ವಿಮೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ 2002ರ ಆಶಾ ರಾಣಿ ತೀರ್ಪು ಹೇಳುತ್ತದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಯಾಗಿ ಕೂತಿದ್ದವನಿಗೆ ಅನ್ವಯಿಸುತ್ತದೆ. ಈರುಳ್ಳಿ ಮೂಟೆಯ ಜೊತೆ ಯಶವಂತಪುರಕ್ಕೆ ಹೊರಟ ರೈತನ ಹತ್ತಿರ ಮಂಡಿಯ ಚೀಟಿಯೋ ಲಾರಿ ರಸೀದಿಯೋ ಇದ್ದರೆ ಅದೇ ಅವನ ಮನೆಯವರ ಕೇಸಿನ ಜೀವ.

ಮಾಲೀಕರು: ಗಾಡಿಯ ರಿಪೇರಿ ಯಾವ ಲೆಕ್ಕದಲ್ಲಿ?

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಗಾಡಿಗೆ ಅದರಿಂದ ಏನೂ ಬರುವುದಿಲ್ಲ. ಸ್ವಂತ ಗಾಡಿಯ ಹಾನಿಗೂ ಕೊಡುವ ಪ್ಯಾಕೇಜ್ ಪಾಲಿಸಿ ಇದ್ದವರ ಮುಂದೆ ಆಯ್ಕೆ ಇದೆ: ಕಂಪನಿಯ ಒಪ್ಪಂದದ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್, ಇಲ್ಲವೇ ನಿಮಗೆ ಗೊತ್ತಿರುವ ಬಾಡಿ ಬಿಲ್ಡರ್ ಹತ್ತಿರ ಮಾಡಿಸಿ ಬಿಲ್ಲು ಕೊಟ್ಟು ಹಣ ಪಡೆಯುವುದು.

ಎಂಜಿನ್, ಚಾಸಿ, ಕ್ಯಾಬಿನ್ ಪೆಟ್ಟಾಗಿದ್ದರೆ ಕ್ಯಾಶ್‌ಲೆಸ್ಸೇ ವಾಸಿ. ಕೈಯಿಂದ ಲಕ್ಷಗಟ್ಟಲೆ ಹಾಕಿ ಕಾಯುವ ಶಕ್ತಿ ಕಂತು ಕಟ್ಟುವವರಿಗೆ ಇರುವುದಿಲ್ಲ. ಹಿಂದಿನ ಬಾಡಿ, ಡಾಲ (ಬಾಡಿಯ ಬಾಗಿಲು ಹಲಗೆ) ಮಾತ್ರ ಹಾಳಾಗಿದ್ದರೆ ಊರಿನ ಬಾಡಿ ಬಿಲ್ಡರ್ ಬೇಗ ಮುಗಿಸುತ್ತಾನೆ. ಗಾಡಿ ನಿಂತ ದಿನಗಳ ಬಾಡಿಗೆ ನಷ್ಟವನ್ನು ಯಾವ ಪ್ಯಾಕೇಜ್ ಪಾಲಿಸಿಯೂ ಮಾಮೂಲಾಗಿ ಕೊಡುವುದಿಲ್ಲವಾದ್ದರಿಂದ, ವರ್ಕ್‌ಶಾಪಿನಲ್ಲಿ ಸರತಿ ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ತಪ್ಪು ಎದುರಿನ ಗಾಡಿಯದಾಗಿದ್ದರೆ ರಿಪೇರಿಯ ಹಣವನ್ನು ಅವರ ವಿಮಾ ಕಂಪನಿಯಿಂದ ನ್ಯಾಯಮಂಡಳಿಯಲ್ಲಿ ಕೇಳಬಹುದು, ಬಾಡಿಗೆ ನಷ್ಟವನ್ನೂ ಕೇಳಬಹುದು, ಆದರೆ ಅಲ್ಲಿಯವರೆಗೆ ಗಾಡಿ ಯಾವ ದುಡ್ಡಿನಲ್ಲಿ ಓಡೀತು?

ಪಾಲಿಸಿ ಪುಟದಲ್ಲಿ ಐಎಂಟಿ 23 ಇದೆಯೇ ನೋಡಿ. ವಾಣಿಜ್ಯ ವಾಹನಗಳಿಗೆ ಹೆಡ್‌ಲೈಟು, ಬಂಪರು, ಮಡ್‌ಗಾರ್ಡು, ಟೈರು, ಪೇಂಟು ಮುಂತಾದವು ಈ ಷರತ್ತಿಗೆ ಬೇರೆ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ಸಿಗುತ್ತವೆ. ಕಾರಿನ ಅನುಭವದಿಂದ ಲಾರಿಗೆ ಬಂದವರು ಇಲ್ಲೇ ಎಡವುವುದು. ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗೆ ಸವಕಳಿಯೆಂದು ಕಳೆಯುವುದು ಅರ್ಧಕ್ಕರ್ಧ. ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ. 40. ಎಂಟು ವರ್ಷದ ಗಾಡಿಗೆ ಸಣ್ಣ ಪೆಟ್ಟಾದರೆ, ಸವಕಳಿ, ಕಡ್ಡಾಯ ಕಡಿತ, ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಎಲ್ಲ ಕಳೆದು ಕೈಗೆ ಬರುವುದು ಎಷ್ಟು ಎಂದು ಕೂಡಿ ನೋಡಿ. ಎಷ್ಟೋ ಸಲ ಕ್ಲೇಮು ಹಾಕದಿರುವುದೇ ಲಾಭ.

ದೊಡ್ಡ ಪೆಟ್ಟಿನಲ್ಲಿ ರಿಪೇರಿ ಖರ್ಚು ವಿಮಾ ಮೌಲ್ಯದ ಶೇ. 75 ದಾಟಿದರೆ ಪೂರ್ತಿ ನಷ್ಟ ಅಂತ ತೀರ್ಮಾನವಾಗುತ್ತದೆ. ಫೈನಾನ್ಸ್ ಬಾಕಿ ಇದ್ದರೆ ಚೆಕ್ಕು ಮೊದಲು ಅವರಿಗೆ. ಬಾಕಿಯೇ ವಿಮಾ ಮೌಲ್ಯಕ್ಕಿಂತ ಹೆಚ್ಚಿದ್ದವರು ಹಟ ಹಿಡಿದು ರಿಪೇರಿಗೇ ಹೋಗುವುದುಂಟು. ಅದು ಮೂರ್ಖತನವಲ್ಲ, ಗಾಡಿ ಓಡಿದರೆ ತಾನೇ ಕಂತು.

ಇನ್ನೊಂದು ಮಾತು. ವಿಮಾ ಕಂಪನಿ ಕಳಿಸುವ, ಹಾನಿ ಅಂದಾಜು ಮಾಡುವ ಸರ್ವೇಯರ್ ಸ್ಥಳ ನೋಡುವ ಮೊದಲು ಗಾಡಿ ಎತ್ತಿಸಬೇಡಿ. ಹೆದ್ದಾರಿ ಪೊಲೀಸರು ಅವಸರ ಮಾಡಿದರೆ ನಾಲ್ಕೂ ಕಡೆಯಿಂದ ಫೋಟೋ, ವೀಡಿಯೋ ತೆಗೆದು ಕಂಪನಿಗೆ ಅದೇ ಗಳಿಗೆಯಲ್ಲಿ ಕಳಿಸಿ. ಕ್ರೇನಿನವರು ಹತ್ತಾರು ಸಾವಿರ ಕೇಳುತ್ತಾರೆ, ಮಾಮೂಲು ಪಾಲಿಸಿ ಅದಕ್ಕೆ ಕೊಡುವುದು 2,500.

ಸರಕಿನ ಒಡೆಯರು

ಇಲ್ಲಿ ಬೇಗ ಮುಗಿಸುತ್ತೇನೆ. ಸರಕಿಗೆ ಸಾಗಣೆ ವಿಮೆ ಮಾಡಿಸಿದ್ದರೆ ಅಲ್ಲಿಗೇ ಹೋಗಿ. ಟ್ರಾನ್ಸ್‌ಪೋರ್ಟಿನವರ ಮೇಲಿನ ಹಕ್ಕನ್ನು ಬರೆಸಿಕೊಂಡು ವಿಮಾ ಕಂಪನಿಯೇ ಅವರೊಂದಿಗೆ ಹೊಡೆದಾಡಿಕೊಳ್ಳುತ್ತದೆ. ವಿಮೆ ಇಲ್ಲದವರಿಗೆ 2007ರ ರಸ್ತೆ ಸಾಗಣೆ ಕಾಯ್ದೆ. ನಿರ್ಲಕ್ಷ್ಯ ಸಾಬೀತು ಮಾಡುವ ಹೊರೆ ಇಲ್ಲ, ಆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಕೊಟ್ಟಿರಲೇಬೇಕು. ಹೆಚ್ಚಿನ ಮೌಲ್ಯ ಘೋಷಿಸಿ ಬರೆಸಿರದಿದ್ದರೆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಅಡಿಕೆ ಲೋಡಿಗೆ ಆ ಹತ್ತು ಪಟ್ಟು ಯಾವ ಮೂಲೆಗೆ?

ಕ್ಲೇಮು ತಿರಸ್ಕಾರವಾದಾಗ

ಮಾಲೀಕನ ಕ್ಲೇಮು ತಳ್ಳಿಹಾಕಲು ಸಾಮಾನ್ಯವಾಗಿ ಹೇಳುವ ಕಾರಣ ಮೂರು: ಲೈಸೆನ್ಸ್, ಪರ್ಮಿಟ್, ಹೆಚ್ಚು ಜನ ಅಥವಾ ಹೆಚ್ಚು ಭಾರ. ಮೂರೂ ಒಂದೇ ತೂಕದವಲ್ಲ. ಪರ್ಮಿಟ್ ಇಲ್ಲದಿರುವುದು ಮೂಲಭೂತ ತಪ್ಪು. ಸಂತ್ರಸ್ತರಿಗೆ ಕಂಪನಿ ಕೊಟ್ಟರೂ ಆಮೇಲೆ ನಿಮ್ಮಿಂದ ವಸೂಲು ಮಾಡುತ್ತದೆ. ಲೈಸೆನ್ಸ್ ವಿಚಾರದಲ್ಲಿ 2024ರ ನವೆಂಬರ್ 6ರ ಸಂವಿಧಾನ ಪೀಠದ ತೀರ್ಪು ಸಣ್ಣ ಗಾಡಿಯವರಿಗೆ ನೆರವು: ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲಿ ಓಡಿಸಬಹುದು. ಹತ್ತು ಚಕ್ರದ ಲಾರಿಗೆ ಅದು ನಡೆಯುವುದಿಲ್ಲ. ಇನ್ನು ಹೆಚ್ಚು ಜನ ಕೂತಿದ್ದರು ಅನ್ನುವ ಕಾರಣಕ್ಕೆ 1996ರಷ್ಟು ಹಿಂದೆಯೇ ಉತ್ತರ ಸಿಕ್ಕಿದೆ. ಹಾಸನದ ವಿಭಾಗೀಯ ವಿಮಾ ಕಚೇರಿಯ ವಿರುದ್ಧ ಲಾರಿ ಮಾಲೀಕರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಪ್ರಕರಣ ಅದು. ಹೆಚ್ಚು ಜನ ಕೂತದ್ದರಿಂದಲೇ ಅಪಘಾತವಾಯಿತು ಎಂದು ತೋರಿಸದೆ ಕ್ಲೇಮು ಪೂರ್ತಿ ತಳ್ಳುವಂತಿಲ್ಲ.

ಇದನ್ನು ಹಿಡಿದು ಎಲ್ಲಿಗೆ ಹೋಗುವುದು? ಒಂದೋ ಎರಡೋ ಗಾಡಿಯ ಮಾಲೀಕರಿಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಒಳ್ಳೆಯದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ಅಧಿಕಾರ ಇದೆ, ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಖಾಸಗಿ ಲಿಮಿಟೆಡ್ ಕಂಪನಿಯ ಹೆಸರಲ್ಲಿ ಹತ್ತಾರು ಲಾರಿ ಇಟ್ಟವರಿಗೆ, ಸಾಕ್ಷಿ ವಿಚಾರಣೆ ಬೇಕಾದವರಿಗೆ ಗ್ರಾಹಕ ಆಯೋಗ. ವಾಣಿಜ್ಯ ವಾಹನ ಅನ್ನುವ ಕಾರಣಕ್ಕೆ ವಿಮೆಯ ದೂರನ್ನು ಅಲ್ಲಿ ಬಾಗಿಲಲ್ಲೇ ತಡೆಯುವಂತಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲಿನ ಗಡುವು ಎರಡು ವರ್ಷ. ಎರಡೂ ಕಡೆ ದಿನ ಎಣಿಸಲು ತಿರಸ್ಕಾರದ ಪತ್ರ ಬೇಕು. "ನಿಮ್ಮ ಫೈಲು ಕ್ಲೋಸ್ ಆಗಿದೆ" ಅಂತ ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ, ಕಾರಣ ಬರೆದು, ತಾರೀಖು ಹಾಕಿ ಕಳಿಸಿ ಎಂದು ಅವತ್ತೇ ಇಮೇಲ್ ಮಾಡಿ.